ಪ್ರೊಫೈಲ್ ತುಂಬಿದವರು ಮಾತಿಗೆ ಏಕೆ ಬರುತ್ತಿಲ್ಲ?

ಜರ್ಮನಿಗೆ ಓದಲು ಬರುವವರಿಗಾಗಿ ಹತ್ತು ಊರುಗಳಲ್ಲಿ ಸ್ನೇಹಿತರನ್ನು ಹುಡುಕಿಕೊಳ್ಳುವ ಆ್ಯಪ್ ತೆರೆದಿದ್ದೇವೆ, ಎಲ್ಲರೂ ಪ್ರೊಫೈಲ್ ತುಂಬಿ ಸುಮ್ಮನಾಗುತ್ತಾರೆ ಎಂದಿದ್ದೀರಿ. ಜನ ಚದುರಿಹೋಗಿದ್ದಾರೆ, ಅದೇ ಮೊದಲ ತೊಂದರೆ. ಒಂದೇ ವಿಶ್ವವಿದ್ಯಾಲಯ ಹಿಡಿದು, ಅಲ್ಲಿ ದಿನವೂ ಮಾತು ನಡೆಯುವವರೆಗೆ ಇನ್ನೊಂದು ಊರಿನ ಕಡೆ ನೋಡಬೇಡಿ.

ಹವ್ಯಾಸಗಳ ಪಟ್ಟಿ ನೋಡಿ ಯಾರೂ ಮಾತು ಶುರುಮಾಡುವುದಿಲ್ಲ. ಕೆಲಸವೊಂದು ಎದುರಿಗಿದ್ದರೆ ಮಾತಾಡುತ್ತಾರೆ. ಚಳಿಗಾಲದ ಸೆಮಿಸ್ಟರ್ ಹೆಚ್ಚಿನ ಕಡೆ ಅಕ್ಟೋಬರ್ 1ಕ್ಕೆ ಆರಂಭ. ಅಲ್ಲಿ ಹೊಸ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್, ಆಗಬೇಕು. 'ಗುರುವಾರ ನೋಂದಣಿಗೆ ಹೋಗುತ್ತಿದ್ದೇನೆ, ಯಾರು ಬರ್ತೀರಿ?' ಎಂಬಂಥ ಕಾರ್ಡನ್ನು ಮೊದಲ ಪರದೆಯಲ್ಲೇ ಇಡಿ. ಗುಂಪು ಐದಾರು ಜನರದ್ದಿರಲಿ. ಇಬ್ಬರೇ ಇದ್ದರೆ ಒಬ್ಬರು ತಪ್ಪಿಸಿದ ಕೂಡಲೇ ಭೇಟಿ ಮುಗಿಯಿತು. ಅದೇ ಗುಂಪಿಗೆ ಮುಂದಿನ ವಾರ ಅದೇ ಹೊತ್ತಿಗೆ ಮತ್ತೆ ಕರೆ ಹೋಗಲಿ. ಸ್ನೇಹ ಬೆಳೆಯುವುದು ಮತ್ತೆ ಮತ್ತೆ ಮುಖ ನೋಡಿದಾಗಲೇ.

ವಿಶ್ವವಿದ್ಯಾಲಯದ ಇಮೇಲ್ ಇದ್ದರಷ್ಟೇ ಲಾಗಿನ್ ಎಂದು ಇಟ್ಟಿದ್ದೀರಲ್ಲ, ಅದು ಬಾಗಿಲಲ್ಲೇ ತಡೆದಂತೆ. ದಾಖಲಾತಿ ಮುಗಿಯುವ ಮುನ್ನ ಸಾಮಾನ್ಯವಾಗಿ ಆ ಇಮೇಲ್ ಸಿಗುವುದಿಲ್ಲ, ಒಂಟಿತನ ಹೆಚ್ಚು ಕಾಡುವುದೂ ಆಗಲೇ. ವಿಶ್ವವಿದ್ಯಾಲಯ ಕೊಟ್ಟ ಪ್ರವೇಶಪತ್ರ ನೋಡಿ ಆ್ಯಪ್ ಒಳಗೆ ತಾತ್ಕಾಲಿಕವಾಗಿ ಬಿಡಿ, ಪರಿಶೀಲಿಸಿದ ಮೇಲೆ ಆ ಕಡತ ಅಳಿಸಿ.

ಧರ್ಮ, ಜನಾಂಗ ಕೇಳಲೇಬೇಡಿ: ಯುರೋಪಿನ ಒಕ್ಕೂಟದ ಖಾಸಗಿ ಮಾಹಿತಿ ರಕ್ಷಣೆಯ ಕಾನೂನಾದ ಜಿಡಿಪಿಆರ್‌ನ 9ನೇ ವಿಧಿಯಡಿ ಇವು ವಿಶೇಷ ರಕ್ಷಣೆ ಇರುವ ಮಾಹಿತಿ. ತಾಯ್ನುಡಿಯ ಫಿಲ್ಟರ್ ಇರಲಿ, ಆದರೆ ತಾನಾಗಿ ಆನ್ ಆಗಿರಬಾರದು. ಇಲ್ಲದಿದ್ದರೆ ಕನ್ನಡಿಗರು ಕನ್ನಡಿಗರ ಜೊತೆಗೇ ಉಳಿಯುತ್ತಾರೆ, ತನ್ನ ಭಾಷೆಯವರು ಇನ್ನೊಬ್ಬರಿಲ್ಲದ ವಿದ್ಯಾರ್ಥಿಗೆ ಖಾಲಿ ಪರದೆ ಕಾಣುತ್ತದೆ.