ಐದು ವರ್ಷದ ಮಗುವಿಗೆ ಕಾಡಿನ ಕಾಲುದಾರಿ ಕಟ್ಟುವಲ್ಲಿ ಏನು ಕೆಲಸ?

ನಿಮ್ಮ ಪ್ರಶ್ನೆ ಇಷ್ಟು: 5 ಮತ್ತು 8 ವರ್ಷದ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಒಂದು ವಾರದ ಸ್ವಯಂಸೇವಾ ಶಿಬಿರಕ್ಕೆ, ಅದೂ ಕಾಡಿನಲ್ಲಿ ಕಾಲುದಾರಿ ಮಾಡುವ ಕೆಲಸಕ್ಕೆ ಹೋಗಬಹುದೇ? ಹೋದರೆ ಮಕ್ಕಳಿಗೆ ನಿಜವಾದ ಕೆಲಸ ಸಿಗುತ್ತದೆಯೇ, ಇಲ್ಲ ಅವರನ್ನು ಸುಧಾರಿಸುವುದರಲ್ಲೇ ನಿಮ್ಮ ರಜೆ ಮುಗಿಯುತ್ತದೆಯೇ?

ಧಾರಾಳವಾಗಿ ಹೋಗಬಹುದು. ಒಂದು ಲೆಕ್ಕವನ್ನು ಮಾತ್ರ ಹೊರಡುವ ಮೊದಲೇ ಒಪ್ಪಿಕೊಂಡುಬಿಡಿ: ಅಪ್ಪ ಅಮ್ಮ ಇಬ್ಬರೂ ಬಂದರೆ ಅದು ಇಬ್ಬರು ಕೆಲಸಗಾರರಲ್ಲ, ಒಬ್ಬರು. ಒಬ್ಬರು ಗುದ್ದಲಿ ಹಿಡಿದಾಗ ಇನ್ನೊಬ್ಬರು ಮಕ್ಕಳ ಜೊತೆಗಿರಬೇಕು, ಮುಕ್ಕಾಲು ಗಂಟೆಗೊಮ್ಮೆ ಅದಲು ಬದಲು. "ಇಬ್ಬರೂ ಕೆಲಸ ಮಾಡ್ತಾ ಮಕ್ಕಳ ಮೇಲೂ ಒಂದು ಕಣ್ಣಿಡೋಣ" ಎನ್ನುವವರ ಕೆಲಸವೂ ಕೆಡುತ್ತದೆ, ಕಣ್ಣೂ ತಪ್ಪುತ್ತದೆ. ಶಿಬಿರ ನಡೆಸುವವರು ಈ ಲೆಕ್ಕವನ್ನು ತಾವಾಗಿಯೇ ಹೇಳಿದರೆ ಅವರಿಗೆ ಕುಟುಂಬಗಳ ಅನುಭವ ಇದೆ ಎಂದರ್ಥ. "ಮಕ್ಕಳು ಅಲ್ಲೇ ಆಡಿಕೊಂಡಿರ್ತಾರೆ ಬಿಡಿ" ಎಂದರೆ ಬೇರೆ ಶಿಬಿರ ನೋಡಿ.

ಮಕ್ಕಳ ಕೆಲಸದ ವಿಷಯಕ್ಕೆ ಬರೋಣ. ಮಣ್ಣಿನ ಕಾಲುದಾರಿಯನ್ನು ನಡೆಯುವವರ ಕಾಲಿಗಿಂತ ಹೆಚ್ಚು ಹಾಳುಮಾಡುವುದು ನೀರು. ಮಳೆನೀರು ದಾರಿಯನ್ನು ಅಡ್ಡ ದಾಟಿ ಹೋದರೆ ದಾರಿ ಹತ್ತಾರು ವರ್ಷ ಬಾಳುತ್ತದೆ. ದಾರಿಯ ಉದ್ದಕ್ಕೇ ಹರಿಯಿತೋ, ಎರಡು ಮಳೆಗಾಲದಲ್ಲಿ ಅದು ಚರಂಡಿ. ಕಾಲುದಾರಿ ಕಟ್ಟುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಈ ನೀರನ್ನು ದಾಟಿಸುವ ಉಪಾಯವೇ. ನೀರು ಎತ್ತ ಹೋಗುತ್ತದೆ ಎಂದು ನೋಡುತ್ತಾ ಕೂರುವುದರಲ್ಲಿ ಐದು ವರ್ಷದವರನ್ನು ಮೀರಿಸುವವರು ಯಾರಿದ್ದಾರೆ? ಹಾಗಾಗಿ ಅಗೆತ ದೊಡ್ಡವರಿಗಿರಲಿ, ನೀರಿನ ಪರೀಕ್ಷೆ ಮಕ್ಕಳಿಗಿರಲಿ. ಮಕ್ಕಳನ್ನು ಸುಮ್ಮನಿರಿಸಲು ಕೊಟ್ಟ ಆಟ ಎಂದುಕೊಳ್ಳಬೇಡಿ. ಈ ಪರೀಕ್ಷೆಯನ್ನು ಯಾರಾದರೂ ಮಾಡಲೇಬೇಕು, ಮತ್ತು ದೊಡ್ಡವರ ಗುಂಪುಗಳು ಸೋಮಾರಿತನದಿಂದ ಬಿಟ್ಟುಬಿಡುವುದೂ ಇದನ್ನೇ.

ಅದು ಹೀಗೆ. ಗುಡ್ಡದ ಬದಿಯಲ್ಲಿ 90 ಸೆಂ.ಮೀ. ಅಗಲದ ದಾರಿ ಕಡಿದಿದ್ದೀರಿ ಎನ್ನಿ. ಅದರ ಮೇಲ್ಮೈ ಗುಡ್ಡದ ಕಡೆಯಿಂದ ಹೊರ ಅಂಚಿನ ಕಡೆಗೆ 3ರಿಂದ 5 ಸೆಂ.ಮೀ. ಇಳಿದಿರಬೇಕು. ಇದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ, ಬಹಳ ಹೆಚ್ಚಾದರೆ ನಡೆಯುವವರ ಪಾದ ಓರೆಯಾಗಿ ಜಾರುತ್ತದೆ. ಅಳೆಯಲು 90 ಸೆಂ.ಮೀ. ಉದ್ದದ ನೇರ ಪಟ್ಟಿ, ಒಂದು ರಸಮಟ್ಟ, 4 ಸೆಂ.ಮೀ. ದಪ್ಪದ ಒಂದು ಮರದ ತುಂಡು ಸಾಕು. ಪಟ್ಟಿಯನ್ನು ಅಡ್ಡಲಾಗಿಟ್ಟು ಹೊರ ತುದಿಯ ಕೆಳಗೆ ಮರದ ತುಂಡು ಕೊಡಿ. ಪಟ್ಟಿಯ ಮೇಲಿಟ್ಟ ರಸಮಟ್ಟದ ಗುಳ್ಳೆ ನಡುವಿಗೆ ಬಂದರೆ ಸರಿಯಾಗಿದೆ. ಎಂಟು ವರ್ಷದ ಮಗು ಇದನ್ನು ಒಂದೇ ಸಲಕ್ಕೆ ಕಲಿಯುತ್ತದೆ, ಎರಡು ಹೆಜ್ಜೆಗೊಮ್ಮೆ ಪರೀಕ್ಷಿಸುತ್ತಾ ಹೋಗಬಲ್ಲದು. ಚಿಕ್ಕ ಮಗುವಿಗೆ ಒಂದು ಟೆನಿಸ್ ಚೆಂಡು ಕೊಡಿ. ದಾರಿಯ ನಡುವೆ ಮೆಲ್ಲನೆ ಇಟ್ಟು ಬಿಟ್ಟಾಗ ಅದು ಹೊರ ಅಂಚಿನ ಕಡೆಗೆ ಉರುಳಿ ಕೆಳಗಿಳಿಯಬೇಕು. ಇದ್ದಲ್ಲೇ ನಿಂತರೆ ಅಲ್ಲಿ ಕೆಸರಾಗುತ್ತದೆ. ದಾರಿಯ ಉದ್ದಕ್ಕೆ ಓಡಿದರೆ ಅಲ್ಲಿ ಕೊರಕಲು ಬೀಳುತ್ತದೆ. ಇಂಥ ಜಾಗಗಳಲ್ಲೆಲ್ಲ ಬಣ್ಣದ ಬಾವುಟ ನೆಡುವುದು ಮಗುವಿನ ಹಕ್ಕು, ಬಾವುಟ ಇದ್ದಲ್ಲಿ ಮತ್ತೆ ಕೆರೆಯುವುದು ದೊಡ್ಡವರ ಕರ್ಮ. ಕೊನೆಗೆ ಗಿಡಕ್ಕೆ ನೀರು ಹಾಕುವ ಝಾರಿಯಿಂದ ಮೇಲಿನ ಅಂಚಿನಲ್ಲಿ ನೀರು ಸುರಿಸಿ ಮತ್ತೊಮ್ಮೆ ನೋಡಿ.

ಚೆಂಡು ಹೊರ ಅಂಚಿನವರೆಗೆ ಬಂದು ಅಲ್ಲೇ ತಡೆದು ನಿಂತರೆ ಅದು ಹೊಸಬರ ಗುಂಪಿನ ಮಾಮೂಲು ತಪ್ಪು. ಅಗೆದ ಮಣ್ಣನ್ನು ಹೊರ ಅಂಚಿಗೆ ಎಳೆದು ಅಲ್ಲೇ ಬಿಟ್ಟಿರುತ್ತಾರೆ, ಅದು ಒಂದು ಗೇಣಿನ ಬದುವಾಗಿ ನೀರನ್ನು ಒಳಗೇ ಹಿಡಿದಿಡುತ್ತದೆ. ಆ ಮಣ್ಣನ್ನು ಇಳಿಜಾರಿನಲ್ಲಿ ದೂರಕ್ಕೆ, ತೆಳ್ಳಗೆ ಚೆಲ್ಲಬೇಕು. ಸಣ್ಣ ಸಲಿಕೆಯಿಂದ ಮಣ್ಣು ಎರಚುವ ಈ ಕೆಲಸ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಮನೆಯಲ್ಲಿ ಬೈಸಿಕೊಳ್ಳುವುದಕ್ಕೆ ಇಲ್ಲಿ ಶಹಬ್ಬಾಸ್ ಸಿಗುತ್ತದೆ. ಆದರೆ ಮೇಲೆ ಯಾರೋ ಅಗೆಯುತ್ತಿರುವಾಗ ಮಕ್ಕಳು ಅದರ ಕೆಳಗಿನ ಇಳಿಜಾರಿನಲ್ಲಿ ಇರಲೇಬಾರದು. ಗುದ್ದಲಿಗೆ ಸಿಕ್ಕಿ ಉರುಳುವ ಒಂದು ಕಲ್ಲು ಸಾಕು. ಅಗೆತ ಪೂರ್ತಿ ನಿಂತ ಮೇಲೆ, ದಾರಿಯ ಮೇಲೆಯೇ ನಿಂತು ಕೆಳಕ್ಕೆ ಎರಚಲಿ.

ದಾರಿಯ ಗುರುತು ಹಾಕುವ ಕೆಲಸ ಶಿಬಿರದವರು ಮೊದಲೇ ಮುಗಿಸಿರುತ್ತಾರೆ. ಆದರೂ ಎರಡು ಲೆಕ್ಕ ತಿಳಿದಿದ್ದರೆ ಒಳ್ಳೆಯದು. ದಾರಿಯ ಏರು ಗುಡ್ಡದ ಏರಿನ ಅರ್ಧವನ್ನು ಮೀರಬಾರದು: 10 ಮೀಟರಿಗೆ 2 ಮೀಟರ್ ಏರುವ ಗುಡ್ಡದಲ್ಲಿ ದಾರಿ 10 ಮೀಟರಿಗೆ 1 ಮೀಟರಿಗಿಂತ ಹೆಚ್ಚು ಏರಕೂಡದು. ಮೀರಿದರೆ ನೀರಿಗೆ ಗುಡ್ಡಕ್ಕಿಂತ ದಾರಿಯೇ ಸಲೀಸು. ಎರಡನೆಯದು, ಇಳಿಯುವ ದಾರಿ ಅಲ್ಲಲ್ಲಿ, 15-20 ಮೀಟರಿಗೊಮ್ಮೆ, ನಾಲ್ಕಾರು ಹೆಜ್ಜೆ ಮೇಲೇರಿ ಮತ್ತೆ ಇಳಿಯಬೇಕು. ಆ ತಗ್ಗಿನಲ್ಲಿ ನೀರು ಹೊರಗೆ ಹೋಗುತ್ತದೆ. ಅಡ್ಡಲಾಗಿ ದಿಮ್ಮಿ ಹೂತು ನೀರು ತಿರುಗಿಸುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ದಿಮ್ಮಿಯ ಹಿಂದೆ ಹೂಳು ತುಂಬಿತೆಂದರೆ ಅದು ಇದ್ದೂ ಇಲ್ಲದಂತೆ.

ಕೆಲಸದ ಕ್ರಮದಲ್ಲಿ ಮಕ್ಕಳಿಗೆ ಸಿಗುವ ಮೊದಲ ಪಾಲು ತರಗೆಲೆ ಬಾಚುವುದು. ತರಗೆಲೆ ಮತ್ತು ಅದರಡಿಯ ಕಪ್ಪು ಕೊಳೆತ ಪದರವನ್ನು ಅಸಲಿ ಮಣ್ಣು ಕಾಣುವವರೆಗೂ ತೆಗೆಯಬೇಕು. ಆ ಪದರ ಸ್ಪಂಜಿನ ಹಾಗೆ ನೀರು ಹೀರಿ ಇಟ್ಟುಕೊಳ್ಳುತ್ತದೆ, ಅದರ ಮೇಲೆ ತುಳಿದರೆ ಕೆಸರು ತಪ್ಪಿದ್ದಲ್ಲ. ತೆಗೆದದ್ದನ್ನು ಬಿಸಾಡಬೇಡಿ. ಮೇಲಿನ ಬದಿಯಲ್ಲಿ ಗುಡ್ಡೆ ಹಾಕಿಡಿ; ಕೊನೆಯ ದಿನ ಅಗೆದ ಗಾಯಗಳ ಮೇಲೆ, ಎರಚಿದ ಮಣ್ಣಿನ ಮೇಲೆ ಅದನ್ನೇ ಹರಡಿದರೆ ಹಸಿರು ಬೇಗ ಮರಳುತ್ತದೆ. 70-80 ಸೆಂ.ಮೀ. ಕಾವಿನ ಸಣ್ಣ ರೇಕ್ ಇದ್ದರೆ ಐದು ವರ್ಷದವರೂ ಬಾಚಬಲ್ಲರು. ಆಟಿಕೆಯ ಪ್ಲಾಸ್ಟಿಕ್ ಸಾಮಾನು ಬೇಡ. ಹತ್ತು ನಿಮಿಷಕ್ಕೆ ಮುರಿಯುತ್ತದೆ, ತನಗೆ ಕೊಟ್ಟಿದ್ದು ಸುಳ್ಳು ಕೆಲಸ ಎಂದು ಮಗುವಿಗೂ ಗೊತ್ತಾಗುತ್ತದೆ.

ಹೊರುವ ಕೆಲಸದಲ್ಲಿ ತೂಕ ನೋಡಿ. ಮಗುವಿನ ತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಹೊರಿಸಬಾರದು ಎಂಬುದು ನನ್ನ ಅಳತೆ. 20 ಕಿಲೋ ಮಗುವಿಗೆ 2 ಕಿಲೋ. ಜಲ್ಲಿ ಲೀಟರಿಗೆ ಒಂದೂವರೆ ಕಿಲೋ ತೂಗುವುದರಿಂದ ಒಂದು ಲೀಟರಿನ ಡಬ್ಬಿಗೇ ಮುಗಿಯಿತು. ಮರದ ಚಕ್ಕೆಯಾದರೆ 4-5 ಲೀಟರಿನ ಬಕೆಟ್ ತುಂಬ ಒಯ್ಯಬಹುದು. ಸಮತಟ್ಟಾದ ಜಾಗದಲ್ಲಿ ಚಕ್ಕೆ ಹಾಸುವುದಿದ್ದರೆ 10 ಮೀಟರ್ ಉದ್ದ, 1 ಮೀಟರ್ ಅಗಲ, 8 ಸೆಂ.ಮೀ. ದಪ್ಪಕ್ಕೆ 800 ಲೀಟರ್ ಬೇಕು, ಅಂದರೆ 80 ಲೀಟರಿನ ತಳ್ಳುಗಾಡಿಯಲ್ಲಿ ಹತ್ತು ಸಲ. ಗಾಡಿಯಲ್ಲಿ ತಂದು ಸುರಿಯುವುದು ದೊಡ್ಡವರು, ಅಲ್ಲಿಂದ ಬಕೆಟ್ಟಿನಲ್ಲಿ ಅಂಚುಗಳಿಗೆ ಒಯ್ದು ಹರಡುವುದು ಮಕ್ಕಳು. ಇಳಿಜಾರಿಗೆ ಚಕ್ಕೆ ಹಾಕಬೇಡಿ. ಮೊದಲ ದೊಡ್ಡ ಮಳೆಗೇ ತೇಲಿ ಕೆಳಗೆ ಹೋಗಿ ರಾಶಿ ಬೀಳುತ್ತದೆ.

ತಗ್ಗು ತುಂಬಿಸಿ ದಮ್ಮಸ್ಸು ಮಾಡುವುದಿದ್ದರೆ 5ರಿಂದ 8 ಸೆಂ.ಮೀ. ಪದರಗಳಲ್ಲಿ ಮಾಡಿ. ಒಂದಡಿ ಮಣ್ಣು ಒಟ್ಟಿಗೇ ಸುರಿದು ಮೇಲೆ ಬಡಿದರೆ ಮೇಲಿನ ಎರಡಂಗುಲ ಮಾತ್ರ ಗಟ್ಟಿಯಾಗುತ್ತದೆ, ಕೆಳಗೆ ಪೊಳ್ಳು ಉಳಿದು ಮುಂದೆ ಕುಸಿಯುತ್ತದೆ. ಮಣ್ಣಿನ ಹದವನ್ನು ಮಕ್ಕಳೇ ನೋಡಲಿ: ಮುಷ್ಟಿಯಲ್ಲಿ ಹಿಡಿದು ಹಿಸುಕಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಒಸರಬಾರದು. ಆಮೇಲೆ ಎಲ್ಲರೂ ಸೇರಿ ಕುಣಿಯಿರಿ. ಆರು ಮಕ್ಕಳ ಕುಣಿತ ದಮ್ಮಸ್ಸಿನ ಕೋಲಿಗೆ ಸಮವೇನಲ್ಲ, ಆದರೆ ಪದರ ತೆಳುವಾಗಿದ್ದರೆ ಮೊದಲ ಬಡಿತಕ್ಕೆ ಸಾಕು.

ಎಂಟು ವರ್ಷದವರಿಗೆ ಬೆರಳು ಗಾತ್ರದ ಕೊಂಬೆ ಕತ್ತರಿಸಲು ದೊಡ್ಡ ಕತ್ತರಿ ಕೊಡಬಹುದು, ಪಕ್ಕದಲ್ಲಿ ಒಬ್ಬ ದೊಡ್ಡವರು ಇದ್ದೇ ಇರಬೇಕು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಬಳೆಯಂಥ ಭಾಗವಿದೆಯಲ್ಲ, ಅದರ ಹೊರಗೇ ಕತ್ತರಿಸಬೇಕು. ಬಳೆಯನ್ನೂ ಸವರಿದರೆ ಗಾಯ ಮಾಯದು, ಗೇಣುದ್ದ ಬಿಟ್ಟರೆ ಅದು ಒಣಗಿ ಮೊಳೆಯಾಗುತ್ತದೆ. ನೆಲದ ಗಿಡಗಳನ್ನು ಓರೆಯಾಗಿ ಕತ್ತರಿಸಿ ಚೂಪು ಗೂಟ ಉಳಿಸುವುದು ಇನ್ನೂ ಕೆಟ್ಟದ್ದು. ಎಡವಿ ಬೀಳುವ ಮಗುವಿನ ಮುಖ ಅಲ್ಲಿಗೇ ಬರುತ್ತದೆ. ಬೇರು ಸಮೇತ ಕೀಳಿ, ಇಲ್ಲವೇ ನೆಲಕ್ಕೆ ಸಮವಾಗಿ ಕತ್ತರಿಸಿ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಪೊದೆ ಸವರುವ ಕೆಲಸವನ್ನೇ ಇಟ್ಟುಕೊಳ್ಳಬಾರದು.

ಗುದ್ದಲಿ, ಪಿಕಾಸಿ, ಹಾರೆ ಮಕ್ಕಳಿಗಿಲ್ಲ. ಅಗೆಯುವ ಇಬ್ಬರು ದೊಡ್ಡವರ ನಡುವೆ ಕನಿಷ್ಠ 3 ಮೀಟರ್, ಮಕ್ಕಳಿಗೆ 10 ಮೀಟರ್ ಅಂತರ ಇಡಿ. ಆ 10 ಮೀಟರನ್ನು ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲ, ಕೆಂಪು ಹಗ್ಗ ಕಟ್ಟಿ. ಉಪಕರಣಗಳನ್ನು ಭುಜದ ಮೇಲೆ ಒಯ್ಯಬಾರದು; ಉಪಕರಣದ ಕಬ್ಬಿಣದ ತಲೆಯ ಹತ್ತಿರ ಹಿಡಿದು, ಕೈ ಇಳಿಬಿಟ್ಟು, ಇಳಿಜಾರಿನ ಕಡೆಯ ಕೈಯಲ್ಲಿ ಒಯ್ಯಬೇಕು. ಜಾರಿದರೆ ಅದನ್ನು ಆ ಕಡೆಗೆ ಎಸೆದುಬಿಡಬಹುದು. ಕಲ್ಲನ್ನು ಬರಿಗೈಯಲ್ಲಿ ಎತ್ತಬೇಡಿ. ಗುದ್ದಲಿಯನ್ನು ಕಲ್ಲಿನ ಆಚೆ ಅಂಚಿಗೆ ಸಿಕ್ಕಿಸಿ ನಿಮ್ಮ ಕಡೆಗೆ ಮಗುಚಿದರೆ ತೆರೆದ ಬಾಯಿ ಆಚೆ ಕಡೆಗಿರುತ್ತದೆ, ಒಳಗೆ ಹಾವೋ ಚೇಳೋ ಇದ್ದರೆ ಅದು ಆಚೆಗೇ ಹೋಗುತ್ತದೆ. ಮಕ್ಕಳು ಕೂರುವ ಜಾಗ ಆರಿಸುವಾಗ ಮೊದಲು ತಲೆಯೆತ್ತಿ ನೋಡಿ: ಒಣಗಿ ಜೋತ ಕೊಂಬೆ, ಕಣಜದ ಗೂಡು. ಕೈಗವಸು ಮಕ್ಕಳ ಅಳತೆಯದ್ದೇ ಇರಲಿ. ದೊಡ್ಡವರದ್ದನ್ನು ತೊಡಿಸಿದರೆ ಹಿಡಿತ ಸಿಗದೆ ಬರಿಗೈಗಿಂತ ಅಪಾಯ. ಸಂಜೆ ಮೈಯೆಲ್ಲ ಉಣುಗು ನೋಡುವುದನ್ನು ಮರೆಯಬೇಡಿ, ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ. ಬೂಟಿನ ಮಣ್ಣನ್ನು ಹೋಗುವ ಮೊದಲೂ ಬಂದ ಮೇಲೂ ತೊಳೆಯಿರಿ, ಕಳೆಯ ಬೀಜ ಮತ್ತು ಗಿಡಗಳ ರೋಗ ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುವ ದಾರಿಗಳಲ್ಲಿ ಅದೂ ಒಂದು.

ಸಮಯದ ಮಾತು. ಐದು ವರ್ಷದವರಿಗೆ 15-20 ನಿಮಿಷ ಕೆಲಸ, 10 ನಿಮಿಷ ಬಿಡುವು. ಎಂಟು ವರ್ಷದವರು ಅರ್ಧ ಗಂಟೆ ನಿಲ್ಲುತ್ತಾರೆ. ಬೆಳಗ್ಗೆ ಎರಡೂವರೆ ಗಂಟೆಗಿಂತ ಹೆಚ್ಚು ಎಳೆಯಬೇಡಿ, ಊಟದ ಮೇಲೆ ಕೆಲಸವೇ ಬೇಡ. ಮೂರನೆಯ ದಿನ ಎಲ್ಲರಿಗೂ ಸುಸ್ತು, ಜಗಳ. ಅಂದು ಪೂರ್ತಿ ರಜೆ ಕೊಡುವ ಶಿಬಿರಗಳು ಜಾಣ ಶಿಬಿರಗಳು. ಕುಟುಂಬಗಳ ಗುಂಪು ದೊಡ್ಡವರ ಗುಂಪಿನ ಅರ್ಧದಷ್ಟು ಉದ್ದ ಮುಗಿಸಿದರೂ ಅದು ಒಳ್ಳೆಯ ಕೆಲಸವೇ.

ಶಿಬಿರ ಆರಿಸುವಾಗ ಕೇಳಬೇಕಾದ್ದು: ಜಮೀನಿನ ಒಡೆಯರ ಅಥವಾ ಅರಣ್ಯದವರ ಲಿಖಿತ ಒಪ್ಪಿಗೆ ಇದೆಯೇ? ವಿಮೆ ಮಕ್ಕಳಿಗೂ ಅನ್ವಯಿಸುತ್ತದೆಯೇ, ಎಷ್ಟು ವಯಸ್ಸಿನಿಂದ? ಪ್ರಥಮ ಚಿಕಿತ್ಸೆ ಕಲಿತವರು ಕೆಲಸದ ಜಾಗದಲ್ಲೇ ಇರುತ್ತಾರೆಯೇ, ಆಸ್ಪತ್ರೆ ಎಷ್ಟು ದೂರ, ಫೋನ್ ಸಿಗ್ನಲ್ ಬರುತ್ತದೆಯೇ? ಅಪರಿಚಿತ ದೊಡ್ಡವರ ಜೊತೆ ಮಗುವನ್ನು ಒಂಟಿಯಾಗಿ ಬಿಡುವುದಿಲ್ಲ ಎಂಬ ನಿಯಮ ಬರವಣಿಗೆಯಲ್ಲಿದೆಯೇ? ಶೌಚಾಲಯ ಐದು ನಿಮಿಷದ ನಡಿಗೆಯಲ್ಲಿ ಸಿಗಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ನೀವು ಹೋದ ಮೇಲೆ ಈ ದಾರಿಯನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿ. 1921ರಲ್ಲಿ ಬೆಂಟನ್ ಮೆಕಾಯ್ ಪ್ರಸ್ತಾಪಿಸಿ 1937ರಲ್ಲಿ ಪೂರ್ಣಗೊಂಡ ಅಮೆರಿಕದ ಅಪಲೇಚಿಯನ್ ಟ್ರೇಲ್ ಸುಮಾರು 3,500 ಕಿ.ಮೀ. ಉದ್ದ. ಒಂದೊಂದು ತುಂಡನ್ನು ಒಂದೊಂದು ಸ್ಥಳೀಯ ಸ್ವಯಂಸೇವಕ ಕ್ಲಬ್ ವಹಿಸಿಕೊಂಡಿರುವುದರಿಂದಲೇ ಅದು ಉಳಿದಿದೆ. ನಿರ್ವಹಣೆಯ ಪ್ರಶ್ನೆಗೆ ತಡವರಿಸುವ ಶಿಬಿರದಲ್ಲಿ ನೀವು ದುಡ್ಡು ಕೊಟ್ಟು ಅಗೆದದ್ದನ್ನು ಮುಂದಿನ ಗುಂಪು ಮತ್ತೆ ಅಗೆಯಲೆಂದು ಮುಚ್ಚಿಬಿಡಲೂಬಹುದು.

ಮಳೆ ಬಂದ ದಿನ ಅಗೆಯಬೇಡಿ, ಹಸಿ ಮಣ್ಣು ಉಪಕರಣಕ್ಕೆ ಮೆತ್ತಿಕೊಳ್ಳುತ್ತದೆ, ತುಳಿದರೆ ದಾರಿಯ ರೂಪವೇ ಕೆಡುತ್ತದೆ. ಗುಡುಗು ಮಿಂಚು ಇಲ್ಲದಿದ್ದರೆ, ಮಳೆ ಇಳಿಮುಖವಾದಾಗ ರೇನ್‌ಕೋಟ್ ಹಾಕಿಸಿ, ಕೈಗೊಂದಿಷ್ಟು ಬಾವುಟ ಕೊಟ್ಟು ಮಕ್ಕಳನ್ನು ಅಂಚಿನಲ್ಲೇ ನಡೆಸಿಕೊಂಡು ಹೋಗಿ. ನೀರು ನಿಂತ ಪ್ರತಿಯೊಂದು ಗುಂಡಿಗೂ ಒಂದು ಬಾವುಟ. ನೆಟ್ಟ ಮೇಲಷ್ಟೇ ಅದರೊಳಗೆ ಹಾರಬಹುದು, ಮೊದಲೇ ಹಾರಿದರೆ ಗುಂಡಿಯ ಅಂಚು ಅಳಿಸಿಹೋಗಿ ಮರುದಿನ ಎಲ್ಲಿ ಕೆರೆಯಬೇಕೆಂದು ತಿಳಿಯುವುದಿಲ್ಲ.