ಓದುಗರ ಪ್ರಶ್ನೆ, ನಮ್ಮ ಉತ್ತರ: ಗುಡ್ಡ ಕುಸಿಯುವ ಮುನ್ನ

ಪ್ರಶ್ನೆ: ನಮ್ಮ ಮನೆ ಚಾಮುಂಡಿ ಬೆಟ್ಟದ ತಪ್ಪಲಿಗೆ ಹತ್ತಿರದಲ್ಲಿದೆ. 2021ರ ಅಕ್ಟೋಬರ್‌ನಲ್ಲಿ ನಂದಿ ವಿಗ್ರಹದ ಕಡೆಗೆ ಹೋಗುವ ರಸ್ತೆ ಮಳೆಗೆ ಕುಸಿದದ್ದನ್ನು ನೋಡಿದ್ದೇವೆ. ಬೆಟ್ಟವೆಲ್ಲ ಕಲ್ಲೇ ಆಗಿರುವಾಗ ಅದು ಕುಸಿಯುವುದು ಹೇಗೆ?
– ಓದುಗರೊಬ್ಬರು, ವಿದ್ಯಾರಣ್ಯಪುರಂ, ಮೈಸೂರು

ಉತ್ತರ: ಬೆಟ್ಟದ ಒಡಲು ಗಟ್ಟಿ ಗ್ರಾನೈಟ್ ಎಂಬುದು ನಿಜ. ಜಾರುವುದು ಆ ಒಡಲಲ್ಲ, ಅದರ ಮೇಲೆ ಹೊದಿಸಿದಂತಿರುವ ಮಣ್ಣು. ಒಣಗಿದ ಮಣ್ಣಿನಲ್ಲಿ ಕಣಗಳು ಒಂದನ್ನೊಂದು ಕಚ್ಚಿ ಹಿಡಿದಿರುತ್ತವೆ. ದಿನಗಟ್ಟಲೆ ಮಳೆ ಇಳಿದು ಕಣಗಳ ನಡುವಿನ ಸಂದುಗಳಲ್ಲೆಲ್ಲ ನೀರು ತುಂಬಿದಾಗ ಆ ನೀರೇ ಅವನ್ನು ಒಳಗಿನಿಂದ ತಳ್ಳಿ ಹಿಡಿತ ಸಡಿಲಿಸುತ್ತದೆ, ಜೊತೆಗೆ ಮಣ್ಣಿನ ತೂಕವೂ ಏರುತ್ತದೆ. ಕೆಳಗಿನ ಬಂಡೆ ನೀರನ್ನು ಹೀರುವುದಿಲ್ಲವಾದ್ದರಿಂದ ಮಣ್ಣಿಗೂ ಬಂಡೆಗೂ ನಡುವೆ ನೀರಿನ ಪದರವೊಂದು ನಿಂತು, ಮೇಲಿನದ್ದೆಲ್ಲ ಜಾರಲು ಸಿದ್ಧವಾಗುತ್ತದೆ.

ನೀರಿನ ಪ್ರಮಾಣ ಎಷ್ಟೆಂದು ಅರಿಯಲು ನಮ್ಮೂರಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 30x40 ಸೈಟೊಂದರ ಮೇಲೆ 100 ಮಿ.ಮೀ. ಮಳೆ ಸುರಿದರೆ ಸುಮಾರು 11,000 ಲೀಟರ್, ಅಂದರೆ 5,000 ಲೀಟರಿನ ಎರಡು ಟ್ಯಾಂಕರ್‌ಗಳನ್ನು ಆ ಜಾಗದ ಮೇಲೆ ಬರಿದು ಮಾಡಿದಂತೆ. ಆ ನೀರಿಗೆ ಹರಿದುಹೋಗಲು ದಾರಿ ಇದೆಯೇ ಎಂಬುದೇ ಮುಖ್ಯ ಪ್ರಶ್ನೆ.

ಇಡೀ ಬೆಟ್ಟ ಉರುಳೀತೆಂದು ಭಯಪಡಬೇಕಾಗಿಲ್ಲ. ಆದರೆ ರಸ್ತೆ ಬದಿಯ ಚರಂಡಿ, ಮೋರಿಗಳು ಕಸದಿಂದ ಕಟ್ಟಿಕೊಂಡಿದ್ದರೆ ಅದನ್ನು ಮಳೆಗಾಲಕ್ಕೆ ಮೊದಲೇ ನಗರಪಾಲಿಕೆಯ ಗಮನಕ್ಕೆ ತನ್ನಿ. ಹಿತ್ತಲಿನ ದಿಣ್ಣೆಯನ್ನು ನೆಟ್ಟಗೆ ಕಡಿದು ತಡೆಗೋಡೆ ಕಟ್ಟಿಸುವವರು, ಒಳಗಿನ ನೀರು ಹೊರಬರಲು ಗೋಡೆಯಲ್ಲಿ ತೂತುಗಳನ್ನು ಬಿಡಿಸಲೇಬೇಕು. ತೂತಿಲ್ಲದ ಗೋಡೆ ಎಷ್ಟೇ ದಪ್ಪವಾಗಿದ್ದರೂ ಹಿಂದೆ ನಿಂತ ನೀರಿನ ಒತ್ತಡಕ್ಕೆ ಒಂದಲ್ಲ ಒಂದು ದಿನ ಬಾಗುತ್ತದೆ.

ಪ್ರಶ್ನೆ: ಮಗಳನ್ನು ಮಡಿಕೇರಿ ತಾಲ್ಲೂಕಿನ ಹಳ್ಳಿಗೆ ಕೊಟ್ಟಿದ್ದೇವೆ. ಅವರ ಮನೆಯ ಹಿಂದೆ ಗುಡ್ಡ ಕಡಿದು ಅಂಗಳ ಮಾಡಿದ್ದಾರೆ. 2018ರ ನಂತರ ಆಶ್ಲೇಷಾ ಮಳೆ ಹಿಡಿಯಿತೆಂದರೆ ನನಗೆ ನಿದ್ದೆ ಬರುವುದಿಲ್ಲ. ಅಳಿಯಂದಿರು ಹೆದರಬೇಡಿ ಎನ್ನುತ್ತಾರೆ. ಮುನ್ಸೂಚನೆ ತಿಳಿಯುವ ದಾರಿ ಇದೆಯೇ?
– ಗೃಹಿಣಿಯೊಬ್ಬರು, ಮಂಡ್ಯ

ಉತ್ತರ: ತಾಯಿ, ತಮ್ಮ ಆತಂಕಕ್ಕೆ ಆಧಾರವಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಸುತ್ತಮುತ್ತ ನಡೆದ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ತಜ್ಞರು, ಭಾರಿ ಮಳೆಯ ಜೊತೆಗೆ ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ಗುರುತಿಸಿದರು. ಗುಡ್ಡದ ಬುಡವೇ ಅದರ ಆಸರೆ. ಜೇಸಿಬಿಯಿಂದ ಅದನ್ನು ಕತ್ತರಿಸಿದರೆ ಮೇಲಿನ ಭಾರವನ್ನು ಹೊರುವವರು ಯಾರೂ ಇರುವುದಿಲ್ಲ.

ಗುಡ್ಡವು ಬಹಳಷ್ಟು ಸಲ ಮೊದಲೇ ಸುಳಿವು ಕೊಡುತ್ತದೆ. ಮನೆಯ ಮೇಲ್ಭಾಗದ ನೆಲದಲ್ಲಿ ಅಡ್ಡಡ್ಡಲಾಗಿ ಹೊಸ ಬಿರುಕು, ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ನೆಟ್ಟಗಿದ್ದ ಮರ ಅಥವಾ ವಿದ್ಯುತ್ ಕಂಬ ವಾಲುವುದು, ಹಿಂದೆಂದೂ ಇಲ್ಲದ ಕಡೆ ಒರತೆ ಎದ್ದು ಕೆಸರು ನೀರು ಬರುವುದು, ತುಂಬಿ ಹರಿಯುತ್ತಿದ್ದ ಹಳ್ಳ ಮಳೆ ನಿಲ್ಲದಿದ್ದರೂ ತಟಕ್ಕನೆ ಇಳಿಯುವುದು. ಕೊನೆಯದು ಎಲ್ಲಕ್ಕಿಂತ ಅಪಾಯಕರ, ಏಕೆಂದರೆ ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿರಬಹುದು. ಅದು ಒಡೆದಾಗ ಓಡಲು ಸಮಯ ಸಿಗುವುದಿಲ್ಲ.

ಬಿರುಕು ಕಂಡರೆ ಅದರ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ನಡುವಿನ ಅಂತರವನ್ನು ಟೇಪಿನಿಂದ ಅಳೆದು ತಾರೀಖಿನ ಸಮೇತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಲು ಮಗಳಿಗೆ ಹೇಳಿ. ನಾಲ್ಕು ದಿನದಲ್ಲಿ ಅಂತರ ಒಂದು ಬೆರಳಷ್ಟು ಹೆಚ್ಚಿದರೂ ಅಲ್ಲಿ ಮಲಗಬಾರದು, ಗ್ರಾಮ ಪಂಚಾಯಿತಿಗೆ ಮತ್ತು ತಹಶೀಲ್ದಾರರಿಗೆ ಕೂಡಲೇ ತಿಳಿಸಬೇಕು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆಯನ್ನೇ ಕೊಚ್ಚಿಕೊಂಡು ಹೋಯಿತಲ್ಲ, ಅಲ್ಲಿಯೂ ಹಿಂದಿನ ವರ್ಷವೇ ಬಿರುಕು ಕಾಣಿಸಿತ್ತು. ಬಿರುಕನ್ನು ನೋಡಿಯೂ ವರ್ಷ ಕಳೆಯುವುದು ಎಂಥ ನಷ್ಟ ತರುತ್ತದೆ ಎಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಮಳೆಯನ್ನೂ ಮನೆಯಲ್ಲೇ ಅಳೆಯಬಹುದು. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬವನ್ನು ಮರ, ಸೂರು ಇಲ್ಲದ ಬಯಲಿನಲ್ಲಿಟ್ಟು, ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಬಿಟ್ಟು ನೋಡಿದರೆ ನೀರಿನ ಎತ್ತರವೇ ಮಳೆಯ ಪ್ರಮಾಣ. ಹವಾಮಾನ ಇಲಾಖೆಯ ಪ್ರಕಾರ 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ ಮಳೆ, 204.4 ದಾಟಿದರೆ ಅದಕ್ಕೂ ಮೇಲಿನ ವರ್ಗ. ವಾರಗಟ್ಟಲೆ ನೆನೆದ ಗುಡ್ಡದ ಮೇಲೆ ಮತ್ತೊಂದು ಅತಿ ಭಾರಿ ಮಳೆ ಬಿದ್ದ ದಿನ, ಬಿರುಕು ಕಾಣದಿದ್ದರೂ ಆ ಮನೆಯಲ್ಲಿ ರಾತ್ರಿ ಕಳೆಯದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ರಾತ್ರಿ ಎಂದು ಒತ್ತಿ ಹೇಳಲು ಕಾರಣವಿದೆ. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಹರಿದು ಬಂದದ್ದು ಬೆಳಕು ಹರಿಯುವ ಮುನ್ನ, ಊರು ನಿದ್ದೆಯಲ್ಲಿದ್ದಾಗ. ಆದ್ದರಿಂದ ಮಗಳ ಊರಿನ ಹತ್ತು ಹದಿನೈದು ಮನೆಗಳವರು ಜೂನ್‌ಗೆ ಮೊದಲೇ ಒಂದು ಸಂಜೆ ಕೂತು ಮಾತನಾಡಿಕೊಳ್ಳಲಿ. ಎದ್ದು ನಡೆಯಲಾಗದ ಹಿರಿಯರು, ಗರ್ಭಿಣಿಯರು ಯಾವ ಮನೆಯಲ್ಲಿದ್ದಾರೆ, ಅವರನ್ನು ಯಾರ ಜೀಪು ಒಯ್ಯುತ್ತದೆ, ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗೆ ಸುದ್ದಿ ಮುಟ್ಟಿಸುವವರು ಯಾರು ಎಂಬುದು ಹೆಸರು ಸಮೇತ ನಿರ್ಧಾರವಾಗಿರಬೇಕು. ಹೊರಗಿನಿಂದ ಬಂದ ಈ ಕಾರ್ಮಿಕರನ್ನು ಊರಿನ ಪಟ್ಟಿಯಿಂದ ಬಿಡುವುದು ದೊಡ್ಡ ಅನ್ಯಾಯ. ಕಾಳಜಿ ಕೇಂದ್ರಕ್ಕೆ ಹೋಗುವ ದಾರಿ ಹಳ್ಳವನ್ನು ದಾಟುವಂತಿರಬಾರದು. ಮೊಬೈಲ್ ಸಿಗ್ನಲ್ ಮೊದಲು ಹೋಗುವುದರಿಂದ ದೇವಸ್ಥಾನದ ಗಂಟೆಯನ್ನೋ ಸೀಟಿಯನ್ನೋ ಎಚ್ಚರಿಕೆಯ ಸದ್ದಾಗಿ ಗೊತ್ತುಮಾಡಿಕೊಳ್ಳಲಿ. ಪಹಣಿ, ಆಧಾರ್, ಔಷಧಿ, ಟಾರ್ಚು ಒಂದೇ ಚೀಲದಲ್ಲಿ ಬಾಗಿಲ ಬಳಿ ಇರಲಿ.

ಅಳಿಯಂದಿರ ಜೊತೆ ವಾದಕ್ಕಿಳಿಯುವ ಬದಲು, ಆಶ್ಲೇಷಾ ಮಳೆಯ ಆ ಹದಿನೈದು ದಿನ ಮಕ್ಕಳನ್ನು ಕರೆದುಕೊಂಡು ಮಂಡ್ಯಕ್ಕೆ ಬನ್ನಿ ಎಂದು ಈಗಲೇ ಕರೆದಿಡಿ.

ಪ್ರಶ್ನೆ: ಶಾಲಾ ಮಕ್ಕಳನ್ನು ಘಟ್ಟದ ಮೂಲಕ ಕರಾವಳಿಗೆ ಪ್ರವಾಸ ಕರೆದೊಯ್ಯುವಾಗ ಏನು ಗಮನಿಸಬೇಕು?
– ಶಿಕ್ಷಕರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಪ್ರವಾಸವೇ ಬೇಡ, ಡಿಸೆಂಬರ್‌ಗೆ ಮುಂದೂಡಿ. ಅನಿವಾರ್ಯವಾಗಿ ಹೋಗುವವರು ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೆಂದೂ ವಾಹನ ನಿಲ್ಲಿಸಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಚಹಾ ಅಂಗಡಿಯ ಮೇಲೆಯೇ ಗುಡ್ಡ ಬಿತ್ತು; ಮಣ್ಣು ಗಂಗಾವಳಿ ನದಿಗೆ ನುಗ್ಗಿ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಮುಂದೆ ಮಣ್ಣು ಬಿದ್ದದ್ದು ಕಂಡರೆ ಇಳಿದು ಹತ್ತಿರ ಹೋಗಿ ನೋಡಬೇಡಿ, ಒಮ್ಮೆ ಬಿದ್ದ ಕಡೆ ಮತ್ತೆ ಬೀಳುತ್ತದೆ. ಬಸ್ಸನ್ನು ಹಿಂದಕ್ಕೆ ತೆಗೆದು ಬಯಲು ಜಾಗದಲ್ಲಿ ನಿಲ್ಲಿಸಿ 112ಕ್ಕೆ ಕರೆ ಮಾಡಿ.