ಯಾರ ಪರಿಚಯವೂ ಇಲ್ಲದವರಿಗೆ ಮಾನವಿಕ ವಿಷಯಗಳ ಸರ್ಕಾರಿ ಅನುದಾನ ಸಿಗುತ್ತದೆಯೇ?

ಅಮೆರಿಕದ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಹ್ಯುಮಾನಿಟೀಸ್, ಅಂದರೆ ಎನ್‌ಇಎಚ್, ಇತಿಹಾಸ, ಸಾಹಿತ್ಯ, ಭಾಷೆ, ತತ್ತ್ವಶಾಸ್ತ್ರದ ಕೆಲಸಗಳಿಗೆ ಕೊಡುವ ಅನುದಾನವನ್ನು ಯಾರು ತೀರ್ಮಾನ ಮಾಡುತ್ತಾರೆ, ದೊಡ್ಡ ವಿಶ್ವವಿದ್ಯಾಲಯದ ಹೆಸರಾಗಲಿ ವಶೀಲಿಯಾಗಲಿ ಇಲ್ಲದೆ ಅದು ಸಿಗುತ್ತದೆಯೇ ಎಂದು ಕೇಳಿದ್ದೀರಿ. ಸಿಗುತ್ತದೆ. ಸರ್ಕಾರಿ ಅನುದಾನಕ್ಕೆ ನಾನೂ ಅರ್ಜಿ ಹಾಕಿದ್ದೇನೆ, ಬೇರೆಯವರ ಅರ್ಜಿ ಓದಿ ಶ್ರೇಣಿ ಕೊಡುವ ಪ್ಯಾನೆಲ್‌ನಲ್ಲೂ ಕೂತಿದ್ದೇನೆ. ಎರಡೂ ಕಡೆ ಕಂಡದ್ದನ್ನು ಸೇರಿಸಿ ಹೇಳುತ್ತೇನೆ.

ಮೊದಲು ವ್ಯವಸ್ಥೆ. ಎನ್‌ಇಎಚ್ ಹುಟ್ಟಿದ್ದು 1965ರಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಕಾಯ್ದೆಯಿಂದ. ಅಲ್ಲಿ ಅರ್ಜಿ ಮೂರು ಕೈ ದಾಟಬೇಕು. ಮೊದಲು ಹೊರಗಿನ ವಿಷಯತಜ್ಞರ ಪ್ಯಾನೆಲ್. ಅವರ ಅಭಿಪ್ರಾಯಗಳನ್ನೆಲ್ಲ ಸಿಬ್ಬಂದಿ ಒಟ್ಟುಗೂಡಿಸಿ 26 ಸದಸ್ಯ ಸ್ಥಾನಗಳಿರುವ ರಾಷ್ಟ್ರೀಯ ಕೌನ್ಸಿಲ್ ಮುಂದೆ ಇಡುತ್ತಾರೆ. ಕೌನ್ಸಿಲ್ ಸದಸ್ಯರನ್ನು ನೇಮಿಸುವವರು ದೇಶದ ಅಧ್ಯಕ್ಷರು, ಒಪ್ಪಿಗೆ ಕೊಡುವುದು ಸೆನೆಟ್. ಆದರೆ ಕೌನ್ಸಿಲ್‌ನದು ಸಲಹೆ ಮಾತ್ರ. ಕಾನೂನಿನ ಪ್ರಕಾರ ಕೊನೆಯ ತೀರ್ಮಾನ ಸಂಸ್ಥೆಯ ಮುಖ್ಯಸ್ಥರದು. ಇದೆಲ್ಲ ಮುಗಿಯಲು ಹಲವು ತಿಂಗಳು ಹಿಡಿಯುತ್ತದೆ. ಆದ್ದರಿಂದ ಮುಂದಿನ ತಿಂಗಳೇ ಕೆಲಸ ಶುರುಮಾಡಬೇಕು ಎನ್ನುವವರಿಗೆ ಈ ದಾರಿ ಅಲ್ಲ.

ಕಾಗದದ ಮೇಲೆ ಮೂರು ಹಂತ ಇದ್ದರೂ, ನಿಮ್ಮ ಕೈಯಲ್ಲಿರುವುದು ಮೊದಲನೆಯದು ಮಾತ್ರ. ಪ್ಯಾನೆಲ್ ಮೆಚ್ಚದ ಅರ್ಜಿ ಮುಂದೆ ಎದ್ದು ನಿಲ್ಲುವುದು ತೀರಾ ಅಪರೂಪ. ಹಾಗಾಗಿ ಅಲ್ಲಿ ಕೂತವರು ಯಾರು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅವರು ಅಧಿಕಾರಿಗಳಲ್ಲ. ಪಾಠ ಮಾಡುವವರು, ಗ್ರಂಥಾಲಯ, ವಸ್ತುಸಂಗ್ರಹಾಲಯ, ಪತ್ರಾಗಾರಗಳಲ್ಲಿ ಕೆಲಸ ಮಾಡುವವರು. ಒಂದು ಪ್ಯಾನೆಲ್‌ನಲ್ಲಿ ಬೆರಳೆಣಿಕೆಯಷ್ಟು ಜನ ಇರುತ್ತಾರೆ. ಪ್ರತಿಯೊಬ್ಬರಿಗೂ ಕಟ್ಟುಗಟ್ಟಲೆ ಅರ್ಜಿ ಬರುತ್ತದೆ, ಗೌರವಧನ ಅಲ್ಪ. ಹಗಲಿನ ಕೆಲಸ ಮುಗಿಸಿ ರಾತ್ರಿ ಕೂತು ಓದುತ್ತಾರೆ. ಅರ್ಜಿದಾರ ತಮ್ಮ ಶಿಷ್ಯನೋ ಸಹೋದ್ಯೋಗಿಯೋ ಆಗಿದ್ದರೆ, ಅರ್ಜಿ ತಮ್ಮದೇ ಸಂಸ್ಥೆಯಿಂದ ಬಂದಿದ್ದರೆ, ಮೊದಲೇ ತಿಳಿಸಿ ಆ ಚರ್ಚೆಯಿಂದ ಹೊರಗುಳಿಯಬೇಕು. ಇನ್ನೊಂದು ಮಾತು: ನಿಮ್ಮ ವಿಷಯವನ್ನೇ ಅರೆದು ಕುಡಿದವರು ಪ್ಯಾನೆಲ್‌ನಲ್ಲಿ ಒಬ್ಬರು ಇದ್ದರೆ ಪುಣ್ಯ. ಉಳಿದವರು ಪಕ್ಕದ ಕ್ಷೇತ್ರದವರು. ಅವರಿಗೂ ಅರ್ಥವಾಗಿ, 'ಹೌದು, ಇದು ಆಗಬೇಕಾದ ಕೆಲಸ' ಅನ್ನಿಸಬೇಕು.

ಒಬ್ಬೊಬ್ಬರೂ ಮೊದಲು ತಮ್ಮಷ್ಟಕ್ಕೆ ಓದಿ, ಟಿಪ್ಪಣಿ ಬರೆದು, ಶ್ರೇಣಿ ಹಾಕುತ್ತಾರೆ. ಅತ್ಯುತ್ತಮ, ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಸ್ವಲ್ಪ ಸತ್ವವಿದೆ, ಸ್ಪರ್ಧೆಗೆ ನಿಲ್ಲುವುದಿಲ್ಲ: ಹೀಗೆ ಐದು ಶ್ರೇಣಿ. ಆಮೇಲೆ ಎಲ್ಲರೂ ಸೇರಿ ಚರ್ಚೆ. ಚರ್ಚೆಯ ನಂತರ ಶ್ರೇಣಿ ಬದಲಿಸಲು ಅವಕಾಶವಿದೆ. ಹೆಚ್ಚು ಜನಪ್ರಿಯವಾದ ವಿಭಾಗಗಳಲ್ಲಿ ಪೈಪೋಟಿ ಎಷ್ಟೆಂದರೆ 'ಚೆನ್ನಾಗಿದೆ' ಎನ್ನಿಸಿಕೊಂಡ ಅರ್ಜಿ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ವೈಯಕ್ತಿಕ ಸಂಶೋಧನೆಯ ಫೆಲೋಶಿಪ್ ನೋಡಿ. 2024ರಲ್ಲಿ ಅದು ತಿಂಗಳಿಗೆ 5,000 ಡಾಲರ್‌ನಂತೆ ವರ್ಷಕ್ಕೆ 60,000 ಡಾಲರ್ ಇತ್ತು. ಅರ್ಜಿ ಹಾಕಿದ ನೂರು ಜನರಲ್ಲಿ ಸಿಗುತ್ತಿದ್ದುದು ಹತ್ತಕ್ಕಿಂತ ಕಡಿಮೆ ಮಂದಿಗೆ.

ಹಾಗಾದರೆ ಒಳ್ಳೆಯ ಅರ್ಜಿಗಳ ನಡುವೆ ಆಯ್ಕೆ ಹೇಗಾಗುತ್ತದೆ? ನಾನು ಕಂಡಂತೆ, ವಿಚಾರ ಸಣ್ಣದಾಯಿತೆಂದು ಬಿದ್ದವು ಕಡಿಮೆ. ಹೆಚ್ಚಿನವು ಬಿದ್ದದ್ದು ಲೆಕ್ಕದಲ್ಲಿ. ಪ್ಯಾನೆಲ್‌ನ ಮಾತು ಗೋಪ್ಯ, ಹಾಗಾಗಿ ವಿವರಗಳನ್ನು ಬದಲಿಸಿ ಒಂದು ಉದಾಹರಣೆ ಹೇಳುತ್ತೇನೆ. ಎರಡು ಸಾವಿರ ಹಳೆಯ ಕೈಬರಹದ ಪತ್ರಗಳನ್ನು ಅಕ್ಷರಕ್ಕಿಳಿಸಿ ಸಾರ್ವಜನಿಕರಿಗೆ ಒದಗಿಸುವ ಯೋಜನೆ. ಪೀಠಿಕೆ ಓದುವಾಗಲೇ ಮನಸ್ಸು ತುಂಬಿಬಂದಿತ್ತು. ಅವಧಿ 18 ತಿಂಗಳು, ವಾರಕ್ಕೆ 20 ಗಂಟೆ ಕೆಲಸ ಮಾಡುವ ಒಬ್ಬ ಸಹಾಯಕಿ. ನಮ್ಮಲ್ಲೊಬ್ಬರು ಪೆನ್ಸಿಲ್ ತೆಗೆದುಕೊಂಡರು. ಪತ್ರಕ್ಕೆ ಮೂರು ಪುಟ ಅಂದರೆ ಆರು ಸಾವಿರ ಪುಟ. ಆ ಬರಹವನ್ನು ಗಂಟೆಗೆ ಮೂರು ಪುಟಕ್ಕಿಂತ ಹೆಚ್ಚು ಬಿಡಿಸಲಾಗದು, ಅಲ್ಲಿಗೆ ಎರಡು ಸಾವಿರ ಗಂಟೆ. ಸಹಾಯಕಿಯ ಹತ್ತಿರ ಇರುವುದು 1,560 ಗಂಟೆ, ಅದೂ ಒಂದು ದಿನವೂ ರಜೆ ಹಾಕದಿದ್ದರೆ. ತಪ್ಪು ತಿದ್ದಲು, ಟಿಪ್ಪಣಿ ಬರೆಯಲು ಸಮಯವೇ ಇಟ್ಟಿರಲಿಲ್ಲ. 'ಮೊದಲ ಎಂಟುನೂರು ಪತ್ರ ಮಾತ್ರ' ಎಂದು ಬರೆದಿದ್ದರೆ ಎಲ್ಲರೂ ಎರಡು ಕೈ ಎತ್ತುತ್ತಿದ್ದರು. ಆ ಪತ್ರಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆದ್ದರಿಂದ ಕಾಲಪಟ್ಟಿ ಮತ್ತು ಬಜೆಟ್ಟನ್ನು ಕೊನೆಯ ರಾತ್ರಿಗೆ ಬಿಡಬೇಡಿ. ಓದುವವರು ಈ ಕೆಲಸ ಏಕೆ ಮುಖ್ಯ, ನೀವೇ ಏಕೆ ಮಾಡಬೇಕು, ಹೇಗೆ ಮಾಡುತ್ತೀರಿ, ಹೇಳಿದ ಅವಧಿಯಲ್ಲಿ ಮುಗಿಯುತ್ತದೆಯೇ ಎಂದು ನೋಡುತ್ತಾರೆ. ಬರವಣಿಗೆ ತಿಳಿಯಾಗಿದೆಯೇ ಎನ್ನುವುದಕ್ಕೂ ಅಲ್ಲಿ ಬೆಲೆಯಿದೆ. ಒಂದು ರಾಜಕೀಯ ಅಥವಾ ಸಾಮಾಜಿಕ ನಿಲುವಿನ ಪ್ರಚಾರಕ್ಕೆ, ಕಥೆ ಕವಿತೆ ಬರೆಯುವುದಕ್ಕೆ ಈ ಹಣ ಇಲ್ಲ. ಕಲೆಗಳಿಗೆ ಬೇರೆಯೇ ಒಂದು ಸರ್ಕಾರಿ ಸಂಸ್ಥೆ ಇದೆ.

ಒಂದು ವಿಷಯ ಮುಚ್ಚಿಡಲಾರೆ. ಮೇಲೆ ಹೇಳಿದ್ದು ದಶಕಗಳಿಂದ ನಡೆದುಬಂದ ಕ್ರಮ. 2025ರ ಏಪ್ರಿಲ್‌ನಲ್ಲಿ ಎನ್‌ಇಎಚ್ ಇದೇ ಕ್ರಮದಲ್ಲಿ ಆಯ್ಕೆಯಾಗಿದ್ದ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ನಡುವಿನಲ್ಲೇ ರದ್ದುಮಾಡಿತು, ವಿಷಯ ಕೋರ್ಟ್ ಮೆಟ್ಟಿಲೇರಿತು. ವಿದ್ವಾಂಸರು ತಿಂಗಳುಗಟ್ಟಲೆ ಓದಿ ಆರಿಸಿದ್ದನ್ನು ಒಂದು ಇಮೇಲ್‌ನಲ್ಲಿ ಕಿತ್ತುಹಾಕುವುದು ತಪ್ಪೆಂದೇ ನನ್ನ ಅಭಿಪ್ರಾಯ. ನೀವು ಅರ್ಜಿ ಹಾಕುವ ಮೊದಲು ಆ ವಿಭಾಗ ಈಗ ತೆರೆದಿದೆಯೇ, ಆದ್ಯತೆಗಳು ಬದಲಾಗಿವೆಯೇ ಎಂದು ಆ ವರ್ಷದ ಪ್ರಕಟಣೆಯನ್ನೇ ಓದಿ. ಹಳೆಯ ಸಲಹೆಗಳನ್ನು, ನನ್ನದನ್ನೂ ಸೇರಿಸಿ, ಅದರ ಜೊತೆ ಇಟ್ಟು ನೋಡಿ.

ತಿರಸ್ಕಾರದ ಪತ್ರ ಬಂದರೆ ಕೈಚೆಲ್ಲಬೇಡಿ. ಪ್ಯಾನೆಲ್‌ನವರ ಹೆಸರಿಲ್ಲದ ಟಿಪ್ಪಣಿಗಳನ್ನು ಕೇಳಿ ಪಡೆಯುವ ಅವಕಾಶವಿದೆ, ಮರುವರ್ಷ ಮತ್ತೆ ಅರ್ಜಿ ಹಾಕಬಹುದು. ಬೇರೊಂದು ಸಂಸ್ಥೆಗೆ ನಾನು ಹಾಕಿದ ಮೊದಲ ಅರ್ಜಿ, ಹಸ್ತಪ್ರತಿಯೊಂದರ ಹೊಸ ಆವೃತ್ತಿಗೆ, ತಿರಸ್ಕಾರವಾಯಿತು. ಎರಡು ವಾರ ಆ ಟಿಪ್ಪಣಿಗಳನ್ನು ತೆರೆಯಲಿಲ್ಲ. ತೆರೆದಾಗ ಒಬ್ಬರು ಬರೆದಿದ್ದರು: ಮುದ್ರಿತ ಪ್ರತಿ ಇರುವಾಗ ಇನ್ನೊಂದು ಏಕೆ ಬೇಕು ಎನ್ನುವುದು ಆರನೆಯ ಪುಟದವರೆಗೂ ತಿಳಿಯಲಿಲ್ಲ. ನಿಜ, ಹಳೆಯ ಪ್ರತಿಯಲ್ಲಿ ಬಿಟ್ಟುಹೋದ ಪದ್ಯಗಳ ಮಾತನ್ನು ನಾನು ಆರನೆಯ ಪುಟದಲ್ಲಿ ಇಟ್ಟಿದ್ದೆ. ಮರುವರ್ಷ ಅದನ್ನೇ ಮೊದಲ ಸಾಲು ಮಾಡಿದೆ. ಅನುದಾನ ಬಂತು.

ಸಂಸ್ಥೆಯ ಮೂಲಕ ಅರ್ಜಿ ಹಾಕುವುದಾದರೆ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿಗೇ ವಾರಗಳು ಹಿಡಿಯುತ್ತವೆ, ಇವತ್ತೇ ಶುರುಮಾಡಿ. ಎನ್‌ಇಎಚ್ ತನ್ನ ಜಾಲತಾಣದಲ್ಲಿ ಹಿಂದೆ ಗೆದ್ದ ಅರ್ಜಿಗಳ ಮಾದರಿಗಳನ್ನು ಹಾಕುತ್ತಾ ಬಂದಿದೆ, ಎರಡು ಮೂರನ್ನಾದರೂ ಓದಿ. ಆಮೇಲೆ ನೀವು ಅರ್ಜಿ ಹಾಕುವ ವಿಭಾಗವನ್ನು ನೋಡಿಕೊಳ್ಳುವ ಎನ್‌ಇಎಚ್ ಸಿಬ್ಬಂದಿಗೆ, ಅಂದರೆ ಪ್ರೋಗ್ರಾಂ ಆಫೀಸರ್‌ಗೆ, ನಿಮ್ಮ ಯೋಜನೆಯನ್ನು ಒಂದು ಪ್ಯಾರಾದಲ್ಲಿ ಬರೆದು ಕಳಿಸಿ, 'ಇದು ನಿಮ್ಮ ವಿಭಾಗಕ್ಕೆ ಹೊಂದುತ್ತದೆಯೇ' ಎಂದು ಕೇಳಿ. ಅದು ವಶೀಲಿ ಅಲ್ಲ. ಇಂಥ ಪ್ರಶ್ನೆಗೆ ಉತ್ತರಿಸುವುದು ಅವರ ಕೆಲಸ.